ಪೆಲಿಕಾನ್ ಎಂ200 ಇದ್ದವರಿಗೆ ಎಂ400 ಬೇಕೇ?

ಪ್ರಶ್ನೆ: ಎರಡು ವರ್ಷಗಳಿಂದ ಉಕ್ಕಿನ ನಿಬ್ಬಿನ ಪೆಲಿಕಾನ್ ಕ್ಲಾಸಿಕ್ ಎಂ200 ಫೌಂಟನ್ ಪೆನ್ನಿನಲ್ಲಿ ದಿನಕ್ಕೆ ನಾಲ್ಕೈದು ಪುಟ ಬರೆಯುತ್ತಿದ್ದೇನೆ. ಅದೇ ಕಂಪನಿಯ ಸೂವೆರೇನ್ ಎಂ400 ಕೂಡ ಹೆಚ್ಚುಕಡಿಮೆ ಇದೇ ಅಳತೆಯದು, ಆದರೆ ಬೆಲೆ ಬಹಳ ಹೆಚ್ಚು. ಆ ಹೆಚ್ಚಿನ ಹಣ ಚಿನ್ನದ ನಿಬ್ಬಿಗೆ ಮಾತ್ರವೇ? ಚಿನ್ನದ ನಿಬ್ಬು ನಿಜಕ್ಕೂ ಹೆಚ್ಚು ನುಣುಪಾಗಿ ಬರೆಯುತ್ತದೆಯೇ?

ಉತ್ತರ: ನುಣುಪಿನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಫೌಂಟನ್ ಪೆನ್ನುಗಳ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ ತಪ್ಪು ಕಲ್ಪನೆ ಮತ್ತೊಂದಿಲ್ಲ. ಬರೆಯುವಾಗ ಕಾಗದವನ್ನು ಮುಟ್ಟುವುದು ಚಿನ್ನವೂ ಅಲ್ಲ, ಉಕ್ಕೂ ಅಲ್ಲ. ಎರಡೂ ಬಗೆಯ ನಿಬ್ಬುಗಳ ತುದಿಗೆ ಗಡಸು ಮಿಶ್ರಲೋಹದ ಪುಟ್ಟ ಗುಂಡೊಂದನ್ನು ಬೆಸೆದಿರುತ್ತಾರೆ. ಇಂದಿನ ತುದಿಗಳಲ್ಲಿ ಇರಿಡಿಯಂ ಇರುವುದೇ ಅಪರೂಪವಾದರೂ, ರೂಢಿಯ ಮಾತಿನಲ್ಲಿ ಅದಕ್ಕೆ ಇರಿಡಿಯಂ ಎಂದೇ ಹೆಸರು. ಆ ಗುಂಡನ್ನು ಹೇಗೆ ಉಜ್ಜಿ ನಯ ಮಾಡಿದ್ದಾರೆ, ಸೀಳಿನ ಎರಡು ಕವಲುಗಳು ಒಂದೇ ಮಟ್ಟದಲ್ಲಿ ಕುಳಿತಿವೆಯೇ, ಶಾಯಿ ಎಷ್ಟು ಧಾರಾಳವಾಗಿ ಹರಿಯುತ್ತದೆ ಎಂಬುದರ ಮೇಲೆ ನುಣುಪು ನಿಂತಿದೆ. ಹಾಗಾಗಿ ಚೆನ್ನಾಗಿ ತಿದ್ದಿದ ಉಕ್ಕಿನ ನಿಬ್ಬು, ಅಜಾಗರೂಕತೆಯಿಂದ ತಿದ್ದಿದ ಚಿನ್ನದ ನಿಬ್ಬಿಗಿಂತ ಯಾವತ್ತೂ ಮೇಲು.

ಚಿನ್ನವನ್ನು ಬಳಸತೊಡಗಿದ್ದಕ್ಕೆ ಮೂಲ ಕಾರಣವೇ ಬೇರೆ. ಹಳೆಯ ಶಾಯಿಗಳಲ್ಲಿ ಆಮ್ಲದ ಅಂಶ ಹೆಚ್ಚಾಗಿದ್ದು, ಅಂದಿನ ಉಕ್ಕಿನ ನಿಬ್ಬುಗಳನ್ನು ಅವು ಬೇಗನೆ ತಿಂದುಹಾಕುತ್ತಿದ್ದವು. ಚಿನ್ನಕ್ಕೆ ಆ ಭಯವಿರಲಿಲ್ಲ. ಇಂದಿನ ಸ್ಟೇನ್‌ಲೆಸ್ ಉಕ್ಕು ಸಾಮಾನ್ಯ ಶಾಯಿಗಳನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ನೀವು ಪೆಲಿಕಾನ್‌ನದೇ 4001 ನೀಲಿ-ಕಪ್ಪಿನಂತಹ, ಕಬ್ಬಿಣದ ಲವಣ ಸೇರಿದ ಶಾಯಿಯನ್ನು ಬಳಸುವವರಾದರೆ ಮಾತ್ರ ಎಂ200ರ ನಿಬ್ಬಿಗೆ ಸ್ವಲ್ಪ ಕಾಳಜಿ ಬೇಕು: ಅಂತಹ ಶಾಯಿಯನ್ನು ಪೆನ್ನಿನಲ್ಲಿ ಒಣಗಲು ಬಿಡಬಾರದು, ಆಗಾಗ ನೀರಿನಲ್ಲಿ ತೊಳೆಯಬೇಕು.

ಹಾಗಾದರೆ ಎಂ400ರ 14 ಕ್ಯಾರೆಟ್ ನಿಬ್ಬಿನಲ್ಲಿ ವ್ಯತ್ಯಾಸವೇ ಇಲ್ಲವೇ ಎಂದರೆ, ಇದೆ. ಆದರೆ ಅದು ನುಣುಪಿನದಲ್ಲ, ಸ್ವಭಾವದ್ದು. ಅದು ಒತ್ತಡಕ್ಕೆ ಒಂದಿಷ್ಟು ಬಾಗಿ ಮತ್ತೆ ಮೇಲೇಳುತ್ತದೆ, ಶಾಯಿಯನ್ನು ಹೆಚ್ಚು ಸುರಿಸುತ್ತದೆ, ಗೆರೆಯೂ ಫೈನ್, ಮೀಡಿಯಂ ಎಂಬ ಹೆಸರಿಗೆ ತಕ್ಕುದಕ್ಕಿಂತ ದಪ್ಪವಾಗಿ ಮೂಡುತ್ತದೆ. ದೊಡ್ಡ ಅಕ್ಷರದಲ್ಲಿ, ಒಳ್ಳೆಯ ಕಾಗದದ ಮೇಲೆ ಇದು ನಿಜವಾದ ಸುಖ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕನ್ನಡದ ಒತ್ತಕ್ಷರಗಳನ್ನು ಒತ್ತಾದ ಸಾಲುಗಳ ನಡುವೆ ಸಣ್ಣದಾಗಿ ಬರೆಯುವವರಿಗೆ, ಅಥವಾ ತೆಳು ಕಾಗದವನ್ನೇ ಬಳಸುವವರಿಗೆ ಅದೇ ಧಾರಾಳತನ ತೊಡಕಾಗುತ್ತದೆ: ಸೊನ್ನೆಗಳ ಹೊಟ್ಟೆ ತುಂಬಿಕೊಳ್ಳುತ್ತದೆ, ಹಿಂಬದಿಗೆ ಶಾಯಿ ಇಳಿಯುತ್ತದೆ. ಅಂತಹವರಿಗೆ ಉಕ್ಕಿನ ನಿಬ್ಬೇ ವಿಧೇಯ ಎಂಬುದು ನನ್ನ ಅಭಿಪ್ರಾಯ.

ಇನ್ನು ಮೈಯ ಮಾತು. ಹೆಚ್ಚಿನ ಬೆಲೆಯ ಒಂದು ಪಾಲು ಖಂಡಿತವಾಗಿಯೂ ಇಲ್ಲಿಗೆ ಹೋಗುತ್ತದೆ. ಎಂ400ರ ಪಟ್ಟೆಪಟ್ಟೆಯ ಹೊರಮೈ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು. ಪಟ್ಟೆಗಳ ನಡುವಿನಿಂದ ಒಳಗಿನ ಶಾಯಿ ಕಾಣುತ್ತದೆ. ಮುಚ್ಚಳಕ್ಕೆ ಎರಡು ಬಳೆಗಳಿವೆ, ನಿಮ್ಮ ಎಂ200ಕ್ಕೆ ಒಂದೇ. ಆದರೆ 1929ರಲ್ಲಿ ಈ ಕಂಪನಿ ತನ್ನ ಮೊದಲ ಫೌಂಟನ್ ಪೆನ್ನಿಗೆ ಅಳವಡಿಸಿದ, ಹಿಂಬದಿಯ ಗುಂಡಿಯನ್ನು ತಿರುಗಿಸಿ ಶಾಯಿ ಹೀರಿಸುವ ಪಿಸ್ಟನ್ನಿನ ಪರಂಪರೆಗೆ ಎರಡೂ ಸಮಾನ ವಾರಸುದಾರರು: ಎರಡರ ಒಳಗೂ ಪ್ಲಾಸ್ಟಿಕ್ಕಿನ ಪಿಸ್ಟನ್ ಯಂತ್ರವೇ ಇದೆ, ಎರಡೂ ಹಿಡಿಯುವ ಶಾಯಿಯ ಪ್ರಮಾಣದಲ್ಲಿ ಹೇಳುವಂಥ ಭೇದವಿಲ್ಲ, ತೂಕವೂ ಸುಮಾರು 15 ಗ್ರಾಂ. ಹಿತ್ತಾಳೆಯ ಯಂತ್ರವೂ 18 ಕ್ಯಾರೆಟ್ ನಿಬ್ಬೂ ಬೇಕೆಂದರೆ ಎಂ800ಕ್ಕೆ ಏರಬೇಕು. ಅದರ ತೂಕ ಹೆಚ್ಚುಕಡಿಮೆ ಇಮ್ಮಡಿ, ಹಾಗಾಗಿ ನಾಲ್ಕೈದು ಪುಟ ಒಂದೇ ಸಮನೆ ಬರೆಯುವವರು ಮೊದಲು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು.

ನಿಮಗೆ ನನ್ನ ಸಲಹೆ ಇಷ್ಟು: ಪಟ್ಟೆಯ ಅಂದಕ್ಕೆ ಮನಸೋತಿದ್ದರೆ ಎಂ400 ಕೊಳ್ಳಿ, ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಚಿನ್ನದ ನಿಬ್ಬಿನ ಅನುಭವವಷ್ಟೇ ಬೇಕಿದ್ದರೆ ಪೆನ್ನನ್ನು ಬದಲಿಸುವ ಅಗತ್ಯವಿಲ್ಲ. ಈ ಎರಡು ಮಾದರಿಗಳ ನಿಬ್ಬುಗಳಿಗೆ ಒಂದೇ ತಿರುಪು, ಒಂದೇ ಅಳತೆ. ಎಂ400ರ ನಿಬ್ಬನ್ನು ಬಿಡಿಯಾಗಿ ತಂದು ನಿಮ್ಮ ಎಂ200ಕ್ಕೇ ಕೂಡಿಸಬಹುದು. ಮೊದಲು ಶಾಯಿಯನ್ನೆಲ್ಲ ಹೊರಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನಿಬ್ಬನ್ನೂ ಅದರ ಅಡಿಯಲ್ಲಿರುವ ಕಪ್ಪು ನಾಲಿಗೆಯನ್ನೂ ಒಟ್ಟಿಗೆ ಬೆರಳುಗಳಲ್ಲಿ ಹಿಡಿದು ಎಡಕ್ಕೆ ತಿರುಗಿಸಿದರೆ ಇಡೀ ಘಟಕ ಬಿಚ್ಚಿಕೊಳ್ಳುತ್ತದೆ. ಬರದಿದ್ದರೆ ಬಲ ಪ್ರಯೋಗಿಸದೆ, ಇಕ್ಕಳವನ್ನಂತೂ ಮುಟ್ಟದೆ, ಪೆನ್ನಿನ ಮೂತಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಲು ಬಿಡಿ. ನಾಲಿಗೆಯ ತೆಳು ಎಸಳುಗಳು ಮುರಿದರೆ ಜೋಡಿಸುವ ಉಪಾಯವಿಲ್ಲ. ಬಿಚ್ಚಿದಾಗಲೇ ಒಂದು ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಸಿಲಿಕೋನ್ ಗ್ರೀಸನ್ನು ಒಳಗೋಡೆಗೆ ಸವರಿ ಪಿಸ್ಟನ್ನನ್ನು ಎರಡು ಬಾರಿ ಮೇಲೆ ಕೆಳಗೆ ಆಡಿಸಿದರೆ, ಎರಡು ವರ್ಷದ ಬಿಗಿತವೂ ಸಡಿಲಾಗುತ್ತದೆ. ಹೊಸ ನಿಬ್ಬಿನ ದಪ್ಪವನ್ನು ಆರಿಸುವಾಗ ಈಗಿನದಕ್ಕಿಂತ ಒಂದು ಮೆಟ್ಟಿಲು ಸಣ್ಣದನ್ನೇ ಕೇಳಿ: ಉಕ್ಕಿನಲ್ಲಿ ಮೀಡಿಯಂ ಬಳಸುತ್ತಿದ್ದರೆ, ಚಿನ್ನದಲ್ಲಿ ಫೈನ್.