ಓದುಗರ ಪ್ರಶ್ನೆ: ಅಮೆರಿಕದ ಸ್ಕೂಲ್ ಬೋರ್ಡ್ ಸದಸ್ಯರು ಮತ್ತು ಅವರ ಚುನಾವಣೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇವೆ. ಮಗಳ ಶಾಲೆಯಲ್ಲಿ ಉನ್ನತ ಮಟ್ಟದ ಗಣಿತದ ತರಗತಿಯನ್ನು ನಿಲ್ಲಿಸುವ ಮಾತು ಕೇಳಿಬರುತ್ತಿದೆ. ನಮ್ಮ ಭಾಗದ ಸ್ಕೂಲ್ ಬೋರ್ಡ್ (ಸ್ಥಳೀಯ ಸರ್ಕಾರಿ ಶಾಲೆಗಳ ಚುನಾಯಿತ ಮಂಡಳಿ) ಸದಸ್ಯರಿಗೆ ಪತ್ರ ಬರೆದರೆ, "ಸೂಪರಿಂಟೆಂಡೆಂಟ್ (ಶಾಲೆಗಳ ಮುಖ್ಯ ಆಡಳಿತಾಧಿಕಾರಿ) ಗಮನಕ್ಕೆ ತಂದಿದ್ದೇನೆ" ಎಂಬ ಒಂದು ಸಾಲಿನ ಉತ್ತರ ಬಂತು. ಚುನಾವಣೆಯಲ್ಲಿ ಗೆದ್ದು ಬಂದವರಿಗೆ ಇಷ್ಟೂ ಅಧಿಕಾರವಿಲ್ಲವೇ?

ಉತ್ತರ: ಒಬ್ಬಂಟಿ ಸದಸ್ಯರಿಗೆ ಇಲ್ಲ, ಮಂಡಳಿಗೆ ಇದೆ. ಐದು ಜನರ ಮಂಡಳಿಯಾದರೆ ಮೂವರು, ಏಳು ಜನರದಾದರೆ ನಾಲ್ವರು, ಮುಂಚಿತವಾಗಿ ಪ್ರಕಟಿಸಿದ ಬಹಿರಂಗ ಸಭೆಯಲ್ಲಿ ಕೈ ಎತ್ತಿದಾಗ ಮಾತ್ರ ತೀರ್ಮಾನವೊಂದು ಹುಟ್ಟುತ್ತದೆ. ಸೂಪರಿಂಟೆಂಡೆಂಟರನ್ನು ನೇಮಿಸುವುದು, ಬೇಡವಾದರೆ ಕಳುಹಿಸುವುದು, ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಶಿಕ್ಷಕರ ಸಂಘದೊಂದಿಗಿನ ಒಪ್ಪಂದವನ್ನು ಅಂಗೀಕರಿಸುವುದು, ಶಾಲೆ ಮುಚ್ಚುವುದು, ನೀತಿ ರೂಪಿಸುವುದು ಇವೆಲ್ಲ ಮಂಡಳಿಯ ಕೆಲಸ. ದಿನನಿತ್ಯದ ಆಡಳಿತ ಸೂಪರಿಂಟೆಂಡೆಂಟರದು. ಮುಖ್ಯೋಪಾಧ್ಯಾಯರಿಗೆ ನೇರವಾಗಿ ಫೋನು ಮಾಡಿ ಆದೇಶ ಕೊಡುವ ಸದಸ್ಯರು ಪ್ರಭಾವಶಾಲಿಗಳಂತೆ ಕಾಣಬಹುದು, ಆದರೆ ಅವರು ತಮ್ಮ ಮಿತಿಯನ್ನು ಮೀರಿದವರು.

ಹಾಗೆಂದು ನಿಮಗೆ ಬಂದ ಉತ್ತರ ಪೂರ್ತಿಯಾಗಿ ಸರಿ ಎಂದೂ ನಾನು ಹೇಳಲಾರೆ. ವಿಷಯವನ್ನು ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಆ ಸದಸ್ಯರು ಕೇಳಬಹುದಿತ್ತು, ನೀವು ಮುಂದೆ ಕೇಳಬೇಕಾದದ್ದೂ ಅದನ್ನೇ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಜಾರಿಯಲ್ಲಿರುವ, ಬಹಿರಂಗ ಸಭೆಗಳ ಕುರಿತಾದ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮೊದಲೇ ಪ್ರಕಟಿಸಬೇಕು. ಕೆಲವು ತುರ್ತು ಸಂದರ್ಭಗಳನ್ನು ಬಿಟ್ಟರೆ, ಅದರಲ್ಲಿ ಇಲ್ಲದ ವಿಷಯದ ಮೇಲೆ ಮಂಡಳಿ ನಿರ್ಧಾರ ಕೈಗೊಳ್ಳುವಂತಿಲ್ಲ. ಪಟ್ಟಿಯಲ್ಲಿರುವ ವಿಷಯದ ಬಗ್ಗೆ ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಲೇಬೇಕು. ಹೆಚ್ಚಿನ ಪೋಷಕರು ಸಭೆಗೆ ಬರುವುದು ತೀರ್ಮಾನ ಮುಗಿದ ಮೇಲೆ, ಸಿಟ್ಟಿನಲ್ಲಿ. ಅದರ ಬದಲು ಕಾರ್ಯಸೂಚಿಯನ್ನು ಪ್ರತಿ ಸಲ ಓದುವ ಇಬ್ಬರು ಮೂವರು ಪೋಷಕರಿದ್ದರೆ ಸಾಕು. ಅದರಲ್ಲೂ 'ಕನ್ಸೆಂಟ್ ಕ್ಯಾಲೆಂಡರ್' ಎಂಬ ಭಾಗವನ್ನು ಬಿಡಬೇಡಿ. ಹತ್ತಾರು ವಿಷಯಗಳು ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಅಂಗೀಕಾರವಾಗುವುದು ಅಲ್ಲಿಯೇ. ಸದಸ್ಯರೊಬ್ಬರು ಕೇಳಿಕೊಂಡರೆ ಸಾಮಾನ್ಯವಾಗಿ ಒಂದು ವಿಷಯವನ್ನು ಅದರಿಂದ ಹೊರತೆಗೆದು ಬೇರೆಯಾಗಿ ಚರ್ಚಿಸುತ್ತಾರೆ.

ಇನ್ನೊಂದು ಸಂಗತಿ. ಎಲ್ಲ ಸದಸ್ಯರಿಗೂ ಒಟ್ಟಿಗೆ ಇಮೇಲ್ ಕಳುಹಿಸಿ, ಯಾರೂ ಎಲ್ಲರಿಗೂ ಕಾಣುವಂತೆ ಉತ್ತರಿಸಲಿಲ್ಲವೆಂದು ಬೇಸರಪಡುವವರಿದ್ದಾರೆ. ಬಹುಮತದಷ್ಟು ಸದಸ್ಯರು ಸಭೆಯ ಹೊರಗೆ, ಇಮೇಲ್‌ನಲ್ಲಿಯೇ ಆಗಲಿ, ಮಂಡಳಿಯ ವಿಷಯವನ್ನು ಪರಸ್ಪರ ಚರ್ಚಿಸುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ಆದ್ದರಿಂದ ಅವರ ಮೌನವೆಲ್ಲ ಉದಾಸೀನವಲ್ಲ.

ಪ್ರಶ್ನೆ: ನನ್ನ ಬಳಿ ಗ್ರೀನ್ ಕಾರ್ಡ್ ಇದೆ, ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ, ಆಸ್ತಿ ತೆರಿಗೆಯನ್ನೂ ಕಟ್ಟುತ್ತೇನೆ. ಮಂಡಳಿಯ ಚುನಾವಣೆಯಲ್ಲಿ ಮತ ಹಾಕಬಹುದೇ?

ಉತ್ತರ: ಬಹುತೇಕ ಎಲ್ಲ ಕಡೆಯೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರ ಇದಕ್ಕೆ ಒಂದು ಅಪವಾದ. ನಾಗರಿಕರಲ್ಲದ ಪೋಷಕರಿಗೂ ಮಂಡಳಿಯ ಮಟ್ಟಿಗೆ ಮತದಾನದ ಹಕ್ಕು ನೀಡುವ ಪ್ರಸ್ತಾವಕ್ಕೆ ಅಲ್ಲಿನ ಮತದಾರರು 2016ರಲ್ಲಿ ಒಪ್ಪಿಗೆ ಕೊಟ್ಟರು. 2022ರಲ್ಲಿ ಕೆಳ ನ್ಯಾಯಾಲಯ ಅದನ್ನು ತಳ್ಳಿಹಾಕಿತಾದರೂ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಉಳಿದೆಡೆ, ವಾಹನ ಪರವಾನಗಿಯ ಕಚೇರಿಯಲ್ಲಿ ಮತದಾರರ ನೋಂದಣಿಗೆಂದು ಕೊಟ್ಟ ಅರ್ಜಿಯಲ್ಲಿ ನಾಗರಿಕ ಎಂದು ಅಚಾತುರ್ಯದಿಂದ ಗುರುತು ಹಾಕಿದರೂ ಮುಂದೆ ಪೌರತ್ವದ ಅರ್ಜಿಗೆ ಕಂಟಕವಾಗಬಹುದು, ಗಡೀಪಾರಿನವರೆಗೂ ಹೋಗಬಹುದು. ಈ ವಿಷಯದಲ್ಲಿ ಪರಿಚಯಸ್ಥರ ಮಾತಿನ ಮೇಲೆ ಮುಂದುವರಿಯಬೇಡಿ, ವಕೀಲರನ್ನು ಕೇಳಿ. ಸಭೆಯಲ್ಲಿ ನಿಂತು ಮಾತನಾಡಲು ಮಾತ್ರ ಪೌರತ್ವ ಬೇಕಿಲ್ಲ.

ಶಾಲೆಯ ಚುನಾವಣೆಗೆ ಪ್ರತ್ಯೇಕ ಮತದಾರರಿರುವುದು ಹೊಸತೇನಲ್ಲ. ದೇಶದ ಮಹಿಳೆಯರಿಗೆ 1920ರಲ್ಲಿ ಮತದಾನದ ಹಕ್ಕು ಬರುವ ಎಷ್ಟೋ ಮೊದಲೇ, 1838ರಲ್ಲಿ ಕೆಂಟಕಿ ರಾಜ್ಯವು ಆಸ್ತಿಯುಳ್ಳ ಕೆಲವು ಮಹಿಳೆಯರಿಗೆ ಶಾಲಾ ಚುನಾವಣೆಯಲ್ಲಿ ಮತ ಹಾಕಲು ಅವಕಾಶ ಕೊಟ್ಟಿತ್ತು. 1861ರಲ್ಲಿ ಕಾನ್ಸಾಸ್, 1879ರಲ್ಲಿ ಮ್ಯಾಸಚೂಸೆಟ್ಸ್ ಅದೇ ದಾರಿ ಹಿಡಿದವು.

ಪ್ರಶ್ನೆ: ಹೊಸದಾಗಿ ಪೌರತ್ವ ಪಡೆದಿದ್ದೇನೆ. ಅಭ್ಯರ್ಥಿಗಳ ಹೆಸರಿನ ಮುಂದೆ ಪಕ್ಷವೂ ಇಲ್ಲ, ಪ್ರಚಾರವೂ ಕಾಣದು. ಯಾರನ್ನು ಆರಿಸುವುದು ಹೇಗೆ?

ಉತ್ತರ: ಮೊದಲು ಚುನಾವಣೆ ಯಾವಾಗ ಎಂದು ತಿಳಿದುಕೊಳ್ಳಿ, ಏಕೆಂದರೆ ಅರ್ಧ ಫಲಿತಾಂಶವನ್ನು ಆ ದಿನಾಂಕವೇ ನಿರ್ಧರಿಸುತ್ತದೆ. ದೇಶದಲ್ಲಿ ಸುಮಾರು 13 ಸಾವಿರ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ (ಶಾಲಾಡಳಿತದ ಸ್ಥಳೀಯ ಘಟಕಗಳು), ಅವುಗಳ ಚುನಾವಣೆಗೆ ಒಂದು ದಿನವೆಂಬುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ದೊಡ್ಡ ನಗರಗಳನ್ನು ಬಿಟ್ಟರೆ ಮೇ ತಿಂಗಳ ಮೂರನೆಯ ಮಂಗಳವಾರ ಸದಸ್ಯರ ಆಯ್ಕೆಯ ಜೊತೆಗೆ ಶಾಲಾ ಬಜೆಟ್ಟಿಗೂ ಜನರೇ ಮತ ಹಾಕುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಬೆಸ ಸಂಖ್ಯೆಯ ವರ್ಷಗಳಲ್ಲಿ ಆಯ್ಕೆ ನಡೆಯುತ್ತದೆ. ಅಧ್ಯಕ್ಷರ ಚುನಾವಣೆಯಿಲ್ಲದ ಇಂಥ ದಿನಗಳಲ್ಲಿ ಬರುವ ಮತದಾರರು ಕೆಲವೇ ಕೆಲವರು, ಆದ್ದರಿಂದ ಸಂಘಟಿತ ಗುಂಪುಗಳ ಮಾತು ನಡೆಯುತ್ತದೆ, ಅದು ಶಿಕ್ಷಕರ ಸಂಘವಾಗಿರಲಿ, ಒಂದು ಪುಸ್ತಕವನ್ನೋ ಪಠ್ಯವನ್ನೋ ವಿರೋಧಿಸಲು ಒಟ್ಟುಗೂಡಿದ ಪೋಷಕರಾಗಿರಲಿ. ನ್ಯೂಜೆರ್ಸಿ 2012ರಲ್ಲಿ ಚುನಾವಣೆಯನ್ನು ಇತರ ಚುನಾವಣೆಗಳು ನಡೆಯುವ ನವೆಂಬರ್‌ಗೆ ಸ್ಥಳಾಂತರಿಸಲು ಅವಕಾಶ ಮಾಡಿಕೊಟ್ಟಿತು, ಹಾಗೆ ಮಾಡಿದ ಡಿಸ್ಟ್ರಿಕ್ಟ್‌ಗಳಲ್ಲಿ ತೆರಿಗೆಯ ಮಿತಿಯೊಳಗಿನ ಬಜೆಟ್ಟಿಗೆ ಜನಮತ ಕೇಳಬೇಕಿಲ್ಲ. ಮತದಾರರು ಹೆಚ್ಚಿದರು, ಬಜೆಟ್ಟಿನ ಮೇಲಿನ ನೇರ ಹಿಡಿತ ಹೋಯಿತು. ಉದ್ದನೆಯ ಮತಪತ್ರದ ತಳದಲ್ಲಿರುವ ಹೆಸರುಗಳನ್ನು ಅನೇಕರು ಓದುವುದೇ ಇಲ್ಲವೆಂಬ ಆಕ್ಷೇಪವಿದ್ದರೂ, ನನ್ನ ಮತ ನವೆಂಬರ್‌ಗೇ.

ಪಕ್ಷದ ಗುರುತು ಇಲ್ಲದಿರುವುದು ಬಹುಪಾಲು ರಾಜ್ಯಗಳ ರೂಢಿ. ಫ್ಲಾರಿಡಾದಲ್ಲಿ ಪಕ್ಷದ ಗುರುತನ್ನು ತರುವ ರಾಜ್ಯ ಸಂವಿಧಾನದ ತಿದ್ದುಪಡಿಗೆ 2024ರಲ್ಲಿ ಬಹುಮತ ಸಿಕ್ಕರೂ, ಬೇಕಾದ ಶೇಕಡಾ 60 ಸಿಗದೆ ಬಿದ್ದುಹೋಯಿತು. ಗುರುತು ಇಲ್ಲದ ಮಾತ್ರಕ್ಕೆ ಪಕ್ಷ ಇಲ್ಲವೆಂದಲ್ಲ. ಯಾರ ಬೆಂಬಲದ ಪಟ್ಟಿಯಲ್ಲಿ ಯಾರಿದ್ದಾರೆ, ಪ್ರಚಾರಕ್ಕೆ ಹಣ ಕೊಟ್ಟವರು ಯಾರು ಎಂಬುದನ್ನು ಸಾರ್ವಜನಿಕ ದಾಖಲೆಗಳಲ್ಲಿ ನೋಡಿದರೆ ಬೇಕಾದಷ್ಟು ತಿಳಿಯುತ್ತದೆ. ಹಾಲಿ ಸದಸ್ಯರು ಮತ್ತೆ ನಿಂತಿದ್ದರೆ ಅವರ ಭಾಷಣಕ್ಕಿಂತ ಹಳೆಯ ಸಭೆಗಳ ನಡಾವಳಿ ವಾಸಿ: ಬಜೆಟ್ಟಿನ ದಿನ ಏನು ಕೇಳಿದರು, ಸೂಪರಿಂಟೆಂಡೆಂಟರ ಗುತ್ತಿಗೆ ಮುಂದುವರಿಸುವಾಗ ಯಾವ ಕಡೆ ಮತ ಹಾಕಿದರು ಎಂಬುದು ಅದರಲ್ಲಿರುತ್ತದೆ. ಹೊಸಬರಾದರೆ, ಅವರು ಕೊಡುವ ಭರವಸೆ ಮಂಡಳಿಯ ಕೈಯಲ್ಲಿರುವ ಕೆಲಸವೇ ಎಂದು ವಿಚಾರಿಸಿ.

ಪ್ರಶ್ನೆ: ಟೀಕೆ ಬರೆದದ್ದಕ್ಕೆ ಸದಸ್ಯರೊಬ್ಬರು ಫೇಸ್‌ಬುಕ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದಾರೆ. ಇದು ಸರಿಯೇ?

ಉತ್ತರ: ಕ್ಯಾಲಿಫೋರ್ನಿಯಾದ ಪೋವೇ ಡಿಸ್ಟ್ರಿಕ್ಟ್‌ನ ಇಬ್ಬರು ಸದಸ್ಯರ ಮೇಲೆ ಪೋಷಕರು ಹೂಡಿದ್ದ ಇಂಥದೇ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಆ ಪ್ರಕರಣವನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳುಹಿಸಿ, ಅದೇ ದಿನದ ಮತ್ತೊಂದು ತೀರ್ಪಿನಲ್ಲಿ ಬ್ಲಾಕ್ ಮಾಡಿದ್ದು ಖಾಸಗಿ ಕೆಲಸವೋ ಸರ್ಕಾರದ ಕೆಲಸವೋ ಎಂದು ತಿಳಿಯಲು ಎರಡು ಮಾನದಂಡಗಳನ್ನು ಹೇಳಿತು: ಸರ್ಕಾರದ ಪರವಾಗಿ ಮಾತನಾಡುವ ಅಧಿಕಾರ ಬ್ಲಾಕ್ ಮಾಡಿದವರಿಗೆ ನಿಜವಾಗಿ ಇತ್ತೇ, ಆ ಬರಹದಲ್ಲಿ ಅವರು ಆ ಅಧಿಕಾರವನ್ನು ಚಲಾಯಿಸುತ್ತಿದ್ದರೇ? ಮನೆಯ ಫೋಟೊಗಳನ್ನು ಹಾಕುವ ಖಾಸಗಿ ಪುಟವಾದರೆ ನಿಮ್ಮ ದೂರು ನಿಲ್ಲುವುದು ಕಷ್ಟ. ಮಂಡಳಿಯ ಅಧಿಕೃತ ಪ್ರಕಟಣೆಗೆಂದೇ ಬಳಸುವ ಪುಟವಾದರೆ ಮಂಡಳಿಯ ವಕೀಲರಿಗೇ ಲಿಖಿತವಾಗಿ ಬರೆಯಿರಿ.