ರೋಬೋಟ್ ಆಪರೇಷನ್ ಆದರೂ ಹತ್ತು ಸಲ ಶೌಚವೇಕೆ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಷನ್, ನಂತರ ರೋಬೋಟಿಕ್ ಶಸ್ತ್ರಚಿಕಿತ್ಸೆ ಆಯಿತು. ಹೊಟ್ಟೆಯ ಮೇಲೆ ಮಲ ಸಂಗ್ರಹಕ್ಕೆ ಇಟ್ಟಿದ್ದ ಚೀಲ ತೆಗೆದು ಎರಡು ತಿಂಗಳು. ದಿನಕ್ಕೆ ಹತ್ತು ಸಲ ಶೌಚ. ಹಾಸನದ ಬಸ್ ಹತ್ತಲೂ ಹೆದರುತ್ತಾರೆ.
– ಓದುಗರು, ಸಕಲೇಶಪುರ

ಉತ್ತರ: ಮಲ ಹಿಡಿದಿಡುತ್ತಿದ್ದ ಗುದನಾಳದ ಭಾಗವೇ ಈಗಿಲ್ಲ. ಆ ಜಾಗಕ್ಕೆ ಎಳೆದು ಜೋಡಿಸಿದ ದೊಡ್ಡಕರುಳಿಗೆ ಅಷ್ಟು ಹಿಗ್ಗುವ ಗುಣವಿಲ್ಲ. ರೋಬೋಟ್ ಇಕ್ಕಟ್ಟಾದ ಕಟಿಕುಹರದಲ್ಲಿ (ಸೊಂಟದ ಮೂಳೆಗಳ ನಡುವಿನ ಜಾಗ) ಮೂತ್ರ, ಲೈಂಗಿಕ ಕ್ರಿಯೆಗಳ ನರಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ, ನಿಜ. ಆದರೆ ತೆಗೆದ ಭಾಗವನ್ನು ಮರಳಿ ಕೊಡದು. 2017ರಲ್ಲಿ ಪ್ರಕಟವಾದ, ಎರಡೂ ವಿಧಾನಗಳನ್ನು ಹೋಲಿಸಿದ 471 ರೋಗಿಗಳ ರೋಲಾರ್ ಅಧ್ಯಯನದಲ್ಲೂ ಮೂತ್ರ, ಲೈಂಗಿಕ ಕ್ರಿಯೆಗಳ ವಿಷಯದಲ್ಲಿ ಲ್ಯಾಪರೋಸ್ಕೋಪಿಗಿಂತ (ಸಣ್ಣ ರಂಧ್ರಗಳ ಮೂಲಕ ವೈದ್ಯರೇ ಉಪಕರಣ ಹಿಡಿದು ಮಾಡುವ ಶಸ್ತ್ರಚಿಕಿತ್ಸೆ) ರೋಬೋಟಿನಿಂದ ಗಮನಾರ್ಹ ಲಾಭ ಕಾಣಲಿಲ್ಲ.

ಗುದದ ಸ್ನಾಯು ಬಲಪಡಿಸಲು ಅಮ್ಮ ಗಾಳಿ ತಡೆಯುವಂತೆ ಗುದದ್ವಾರ ಬಿಗಿಹಿಡಿದು ಐದು ಎಣಿಸಲಿ, ಹತ್ತು ಎಣಿಸುವಷ್ಟು ಸಡಿಲಬಿಡಲಿ. ಹೀಗೆ 10 ಸಲ, ದಿನಕ್ಕೆ 3 ಬಾರಿ. ಹೆಚ್ಚಿನವರು ಉಸಿರು ಕಟ್ಟಿ ಪೃಷ್ಠ ಬಿಗಿಯುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಸ್ಟ್ರಾಂಗ್ ಕಾಫಿ, ಹಲಸು, ಅವರೆಕಾಳು ಒಂದೊಂದಾಗಿ ಬಿಟ್ಟು ನೋಡಿ. ಇಸಬಗೋಲು ಮಲವನ್ನು ಗಟ್ಟಿಗೂಡಿಸುತ್ತದೆ. ಪ್ರಯಾಣದ ದಿನ ಊಟಕ್ಕೆ ಅರ್ಧ ಗಂಟೆ ಮೊದಲು ಭೇದಿ ತಡೆಯುವ ಮಾತ್ರೆ ಲೋಪೆರಮೈಡ್ 2 ಮಿ.ಗ್ರಾಂ. ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ರೇಡಿಯೇಷನ್‌ನಿಂದ ಯೋನಿ ಒಣಗಿ ಬಿಗಿಯಾಗುವುದೂ ಉಂಟು. ಅಮ್ಮ ಸಂಕೋಚದಿಂದ ಹೇಳದಿರಬಹುದು, ದಯವಿಟ್ಟು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಒಣಗುವಿಕೆಗೆ ಲೂಬ್ರಿಕೆಂಟ್, ಮೆಲ್ಲನೆ ಹಿಗ್ಗಿಸಲು ಡೈಲೇಟರ್‌ಗಳಿವೆ. ಸುಧಾರಣೆ ಮೊದಲ ವರ್ಷದಲ್ಲೇ ಹೆಚ್ಚು. ಆದರೆ ಜ್ವರ, ರಕ್ತಸ್ರಾವ, ಹೊಟ್ಟೆ ಉಬ್ಬರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.