ವಾರ್ಡ್ ಮೆಂಬರ್ ಆಗಿದ್ದುಕೊಂಡೇ ಚುನಾವಣೆ ಅಧ್ಯಯನ ಮಾಡಬಹುದಾ?

ಮಾಡಬಹುದು. ನಾನು ಮಾಡಿದ್ದೇನೆ, ಈಗಲೂ ಮಾಡುತ್ತಿದ್ದೇನೆ.

ನೀವು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೀರಿ, ಫಲಿತಾಂಶದ ಅಂಕಿ ಸಿಕ್ಕಿದರೆ ಊಟ ಮರೆತು ಕೂರುತ್ತೀರಿ, ಮುಂದೆ ವಾರ್ಡಿಗೆ ನಿಲ್ಲುವ ಆಸೆಯೂ ಇದೆ. ಎರಡೂ ಒಬ್ಬರೇ ಮಾಡಿದರೆ ಜನ ನಂಬುತ್ತಾರಾ ಅಂತ ಕೇಳಿದ್ದೀರಿ. ನಾನು ಮಂಡ್ಯ ನಗರಸಭೆಯಲ್ಲಿ ಒಂದು ಅವಧಿಗೆ ಸದಸ್ಯನಾಗಿದ್ದವನು. ಬೂತ್‌ವಾರು ಲೆಕ್ಕ ಕೂಡಿಡುವ ಹುಚ್ಚು ಅದಕ್ಕೂ ಹಳೆಯದು.

ಮೊದಲು ಅಂಕಿಯ ವಿಷಯ ಹೇಳುತ್ತೇನೆ, ಯಾಕಂದ್ರೆ ನಿಮಗೆ ಕಷ್ಟ ಬರೋದು ಅಲ್ಲೇ. ವಿಧಾನಸಭೆ, ಲೋಕಸಭೆ ಚುನಾವಣೆಗೆ ಫಾರಂ 20 ಅಂತ ಇರುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋದು ಅದರಲ್ಲಿ ಸಾಲಾಗಿ ಸಿಗುತ್ತದೆ. ನಗರಸಭೆ, ಪುರಸಭೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ, ಅದೇ ಬೇರೆ. ಅಲ್ಲಿ ವಾರ್ಡಿನ ಒಟ್ಟು ಲೆಕ್ಕ ಸಿಗುತ್ತದೆ. ಬೂತಿನ ಲೆಕ್ಕಕ್ಕೆ ನನಗೆ ಬಹಳ ಸಲ ಎಣಿಕೆಗೆ ಪಕ್ಷಗಳು ಕಳಿಸಿದ ಏಜೆಂಟರು ಕೈಯಲ್ಲಿ ಬರೆದುಕೊಂಡ ಹಾಳೆಯೇ ಗತಿ. ಎಣಿಕೆ ಕೇಂದ್ರದಲ್ಲಿ ಜಾಲರಿಯ ಆಚೆ ಸಿಬ್ಬಂದಿ ಮಷಿನ್‌ನ ಬಟನ್ ಒತ್ತುತ್ತಾರೆ, ಒಬ್ಬೊಬ್ಬ ಅಭ್ಯರ್ಥಿಯ ಸಂಖ್ಯೆ ಬಂದು ಹೋಗುತ್ತದೆ, ಈಚೆ ನಿಂತ ಏಜೆಂಟ್ ತೊಡೆ ಮೇಲೋ ಮುಂದಿನವನ ಬೆನ್ನ ಮೇಲೋ ಹಾಳೆ ಇಟ್ಟು ಬರೆದುಕೊಳ್ಳುತ್ತಾನೆ. ಗೆದ್ದವರ ಹೆಸರು ಕೂಗಿದ ಮೇಲೆ ಎಲ್ಲರೂ ಹಾರ ಹಿಡಿದು ಓಡುತ್ತಾರೆ, ಹಾಳೆ ಅಲ್ಲೇ ಬಿದ್ದಿರುತ್ತದೆ. ನಾನು ಅವತ್ತು ಸಂಜೆಯೇ ಎಲ್ಲ ಪಕ್ಷದ ಏಜೆಂಟರ ಮನೆಗೂ ಹೋಗಿ ಕೇಳುತ್ತೇನೆ. ಎರಡು ಪಕ್ಷದವರ ಹಾಳೆ ತಾಳೆಯಾದರೆ ಮಾತ್ರ ನನ್ನ ಪುಸ್ತಕಕ್ಕೆ ಏರಿಸುತ್ತೇನೆ.

ಇನ್ನು ಮೆಂಬರ್ ಆಗಿದ್ದು ಎಲ್ಲಿ ಉಪಯೋಗಕ್ಕೆ ಬಂತು ಅಂದರೆ, ಬೀದಿ ಗೊತ್ತಾಯಿತು. ಅದು ಯಾಕೆ ಬೇಕು ಅನ್ನೋದಕ್ಕೆ ಮೈಸೂರು ನೋಡಿ. ಅಲ್ಲಿನ ಪಾಲಿಕೆಯಲ್ಲಿ 2013ರಲ್ಲೂ 65 ವಾರ್ಡ್, 2018ರಲ್ಲೂ 65 ವಾರ್ಡ್. ಆದರೆ ನಡುವೆ ಗಡಿ ಬದಲಾಗಿದೆ. ನಂಬರ್ ನೋಡಿ ಎರಡು ವರ್ಷದ ಫಲಿತಾಂಶ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಬೀದಿಗಳನ್ನು ಹೋಲಿಸಿದ ಹಾಗಾಗುತ್ತದೆ. ಬೂತಿನದೂ ಇದೇ ಕಥೆ. ನಮ್ಮ ಕಡೆ ಒಂದು ಬೂತಿನಲ್ಲಿ ಒಂದು ಪಕ್ಷದ ವೋಟು ಅರ್ಧಕ್ಕೆ ಇಳಿದಾಗ, ಆ ಜಾತಿಯವರು ಕೈಕೊಟ್ಟರು ಅಂತ ಟೀ ಅಂಗಡಿಯಲ್ಲೆಲ್ಲ ಮಾತು. ವೋಟರ್ ಲಿಸ್ಟ್ ಹಿಡಿದು ಮನೆಮನೆ ನಡೆದರೆ ವಿಷಯ ಇಷ್ಟೇ, ಬೂತನ್ನು ಎರಡು ಮಾಡಿದ್ದರು, ಎರಡು ಅಡ್ಡರಸ್ತೆಯವರು ಮುಖ್ಯರಸ್ತೆ ಆಚೆಯ ಶಾಲೆಗೆ ಹೋಗಿ ವೋಟು ಹಾಕಿದ್ದರು. ಯಾರೂ ಯಾರಿಗೂ ಕೈಕೊಟ್ಟಿರಲಿಲ್ಲ. ಇಂಥ ಸುಳ್ಳು ಲೆಕ್ಕದಿಂದ ನೆರೆಹೊರೆಯವರು ಮುಖ ತಿರುಗಿಸಿಕೊಂಡು ಓಡಾಡೋದನ್ನು ನೋಡಿದ್ದೇನೆ. ಈ ಕೆಲಸ ಬಿಡದೆ ಮಾಡೋದಕ್ಕೆ ಅದೂ ಒಂದು ಕಾರಣ.

ದೊಡ್ಡ ಚುನಾವಣೆಗಳನ್ನೂ ಈ ಕಣ್ಣಿಂದಲೇ ನೋಡಿ. 2019ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಕ್ಷೇತ್ರಗಳಲ್ಲಿ ಜೆಡಿಎಸ್ ಶಾಸಕರೇ ಇದ್ದರು. ಕಾಂಗ್ರೆಸ್ ಜೊತೆ ಮೈತ್ರಿಯೂ ಇತ್ತು. ಆದರೂ ಪಕ್ಷೇತರರಾಗಿ ನಿಂತ ಸುಮಲತಾ 1,25,876 ಮತಗಳಿಂದ ಗೆದ್ದರು. ಶಾಸಕರ ತಲೆ ಎಣಿಸಿ ಭವಿಷ್ಯ ಹೇಳಿದವರಿಗೆ ಇದು ಕಾಣಲೇ ಇಲ್ಲ. ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರ ವಿಧಾನಸಭೆ ಚುನಾವಣೆಯಲ್ಲಿ ಗೆಲುವಿನ ಅಂತರ ಒಂದೇ ಒಂದು ವೋಟು. ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ 2006ರಲ್ಲಿ ಸಿದ್ದರಾಮಯ್ಯನವರು ಗೆದ್ದಿದ್ದು 257 ವೋಟಿನಿಂದ, ಅದೇ ಕ್ಷೇತ್ರದಲ್ಲಿ 2018ರಲ್ಲಿ 36,000ಕ್ಕೂ ಜಾಸ್ತಿ ಅಂತರದಲ್ಲಿ ಸೋತರು. ವಾರ್ಡ್ ಚುನಾವಣೆಯಲ್ಲಂತೂ ಒಂದು ಓಣಿ ಅತ್ತಿತ್ತ ಆದರೆ ಫಲಿತಾಂಶವೇ ತಿರುಗುತ್ತದೆ.

ಮೆಂಬರ್ ಕೆಲಸ ಹಗುರ ಅಂದುಕೊಳ್ಳಬೇಡಿ. ಬೆಳಿಗ್ಗೆ ಆರಕ್ಕೇ ಫೋನು. ನೀರು ಬಂದಿಲ್ಲ, ಯುಜಿಡಿ (ಒಳಚರಂಡಿ) ಕಟ್ಟಿಕೊಂಡಿದೆ, ಬೀದಿ ದೀಪ ಇಲ್ಲ, ಖಾತೆ ಆಗಿಲ್ಲ. ನಗರಸಭೆಯಲ್ಲಿ ಅಧ್ಯಕ್ಷರ ಆಯ್ಕೆ ಬಂದರೆ ಶಾಸಕರು, ಸಂಸದರೂ ಬಂದು ವೋಟು ಹಾಕುತ್ತಾರೆ, ಆಗ ನಿಮ್ಮ ಒಂದು ವೋಟಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತದೆ. ಐದು ವರ್ಷ ಮೈಮುರಿದು ದುಡಿದ ವಾರ್ಡು ಮುಂದಿನ ಸಲ ಮಹಿಳೆಗೋ ಬೇರೆ ವರ್ಗಕ್ಕೋ ಮೀಸಲಾಗಬಹುದು. ನನಗೂ ಹಾಗೇ ಆಯಿತು. ಮೀಸಲಾತಿ ಬೇಕು, ಅದರಲ್ಲಿ ಎರಡು ಮಾತಿಲ್ಲ, ಅದರಿಂದಲೇ ನಮ್ಮ ಸಭೆಯಲ್ಲಿ ಅಷ್ಟು ಹೆಣ್ಣುಮಕ್ಕಳ ದನಿ ಕೇಳಿದ್ದು. ಆದರೆ ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳೋಕೆ ಆಗಲ್ಲ. ಬೇರೆ ಸಂಪಾದನೆ ಇಟ್ಟುಕೊಳ್ಳಿ. ನನಗೆ ಗದ್ದೆಯಿದೆ.

ನಂಬಿಕೆ ವಿಷಯ. ಯಾವ ಪಕ್ಷದವರು ಅಂತ ಮುಚ್ಚಿಡಬೇಡಿ, ಅದನ್ನು ಮೊದಲ ಸಾಲಲ್ಲೇ ಹೇಳಿಬಿಡಿ. ನಿಮ್ಮ ಪಕ್ಷ ಸೋತ ಬೂತಿನ ಲೆಕ್ಕವನ್ನೂ ಹಾಗೇ ಕೊಡಿ. ಎದುರಾಳಿ ಬಂದು ಹಾಳೆ ಕೇಳಿದರೆ ಅವರಿಗೂ ಜೆರಾಕ್ಸ್ ಕೊಡಿ. ನನ್ನ ಎದುರು ನಿಂತಿದ್ದವರೇ ಈಗ ಬೂತ್ ಲೆಕ್ಕಕ್ಕೆ ನನಗೆ ಫೋನ್ ಮಾಡುತ್ತಾರೆ. ಆದರೆ ನೀವೇ ಕಣದಲ್ಲಿರುವಾಗ ಆ ಚುನಾವಣೆಯ ಭವಿಷ್ಯ ಹೇಳೋಕೆ ಮಾತ್ರ ಹೋಗಬೇಡಿ.

ಇದು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ಇಂಗ್ಲೆಂಡಿನ ಪ್ಲಿಮತ್ ಕಡೆ ತೋರಿಸಿ. ಅಲ್ಲಿ ಕಾಲಿನ್ ರಾಲಿಂಗ್ಸ್, ಮೈಕೆಲ್ ಥ್ರಾಷರ್ ಅನ್ನೋ ಇಬ್ಬರು ಪ್ರಾಧ್ಯಾಪಕರು 1980ರ ದಶಕದಿಂದ ಸ್ಥಳೀಯ ಚುನಾವಣೆಗಳ ಫಲಿತಾಂಶ ಕೂಡಿಟ್ಟರು. ಆ ವಾರ್ಡ್ ಲೆಕ್ಕದಿಂದಲೇ ಇಡೀ ದೇಶದ ಗಾಳಿ ಯಾವ ಕಡೆ ಅಂತ ಅಂದಾಜು ಮಾಡುತ್ತಾರೆ.

ನಿಲ್ಲೋಕೆ 21 ವರ್ಷ ತುಂಬಿ, ವೋಟರ್ ಲಿಸ್ಟಿನಲ್ಲಿ ಹೆಸರಿದ್ದರೆ ವಯಸ್ಸಿನ ಅಡ್ಡಿಯಿಲ್ಲ. ಆದರೆ ಮೊದಲ ಚುನಾವಣೆಯಲ್ಲಿ ಸುಮ್ನೆ ಯಾರಿಗಾದರೂ ಬೂತ್ ಏಜೆಂಟ್ ಆಗಿ ಕೂರಿ, ಆಮೇಲೆ ಎಣಿಕೆಗೂ ಹೋಗಿ. ಅಷ್ಟರಲ್ಲಿ ನಿಮ್ಮ ವಾರ್ಡಿನ ಹಳೇ ಗಡಿ, ಹೊಸ ಗಡಿ ಎರಡರ ನಕ್ಷೆ ಸಂಪಾದಿಸಿ, ಯಾವ ಬೀದಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗುರುತು ಹಾಕಿಡಿ. ಮಂಡ್ಯದ ಲೆಕ್ಕ ಬೇಕಿದ್ದರೆ ಕೇಳಿ, ನನ್ನ ಪುಸ್ತಕಗಳ ಫೋಟೋ ಕಳಿಸುತ್ತೇನೆ.